ಮನೋರೋಗ ಮತ್ತು ಉದ್ಯೋಗ: ಕೋವಿಡ್ ಕಾಲದಲ್ಲಿ ಕಂಡದ್ದು

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಆರೋಗ್ಯ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಸಂಸ್ಥಾಪನಾ ದಿನದ ವೇದಿಕೆಯಿಂದ ಸಾಮಾನ್ಯವಾಗಿ ನಾಡುನುಡಿಯ ಹಿರಿಮೆ, ಮಕ್ಕಳಿಗೆ ಕನ್ನಡ ಕಲಿಸಬೇಕಾದ ಅಗತ್ಯ, ಬಾಕಿ ಉಳಿದ ಸದಸ್ಯತ್ವದ ಚಂದಾ, ಈ ಮೂರು ವಿಷಯಗಳು ಕೇಳಿಬರುತ್ತವೆ. ಮೂರನ್ನೂ ನಮಗಿಂತ ಮೊದಲು ಮಾತನಾಡಿದವರು ಸೊಗಸಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ಅರ್ಧ ಗಂಟೆಯಲ್ಲಿ ನಾವು ಹಬ್ಬದ ದಿನಕ್ಕೆ ಅಷ್ಟಾಗಿ ಒಗ್ಗದ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ತೀವ್ರ ಮನೋರೋಗದಿಂದ ಬಳಲುವವರಿಗೆ ಉದ್ಯೋಗ ದೊರಕಿಸಿಕೊಟ್ಟು, ದೊರೆತ ಉದ್ಯೋಗದಲ್ಲಿ ಅವರು ನಿಲ್ಲುವಂತೆ ಬೆನ್ನಿಗಿರುವ ಸೇವೆ ಈ ದೇಶದಲ್ಲಿದೆ. 2020ರಲ್ಲಿ ಕೋವಿಡ್ ಮಹಾಮಾರಿ ಬಂದೆರಗಿದಾಗ ಆ ಸೇವೆಗೆ ಏನಾಯಿತು, ಅದರಿಂದ ನಮ್ಮಂಥ ಕುಟುಂಬಗಳು ತಿಳಿಯಬೇಕಾದದ್ದೇನು ಎಂಬುದು ಇಂದಿನ ನಮ್ಮ ಮಾತು.

ನಮ್ಮ ಸಮಾರಂಭಗಳಲ್ಲಿ ಕಾಫಿ ಲೋಟ ಕೈಗೆ ಬಂದೊಡನೆ ಕೇಳುವ ಮೊದಲ ಪ್ರಶ್ನೆ ಯಾವುದೆಂದು ನಿಮಗೆಲ್ಲ ಗೊತ್ತು. "ಮಗ ಈಗೇನು ಮಾಡ್ತಾ ಇದ್ದಾನೆ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕಾಲೇಜಿನ ಎರಡನೆಯ ವರ್ಷದಲ್ಲಿ ಯಾರೋ ತನ್ನ ಬೆನ್ನು ಹತ್ತಿದ್ದಾರೆಂಬ ಭಯ ಹಿಡಿದು, ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕುಳಿತ ಹುಡುಗನ ತಾಯಿ ಏನೆಂದು ಉತ್ತರ ಕೊಡಬೇಕು? ಮೊದಲ ಸಲ "ಸ್ವಲ್ಪ ರಜೆ ತಗೊಂಡಿದ್ದಾನೆ" ಎನ್ನುತ್ತಾರೆ. ಎರಡನೆಯ ಸಲ "ಆನ್‌ಲೈನ್ ಕೋರ್ಸ್ ಮಾಡ್ತಿದ್ದಾನೆ" ಎನ್ನುತ್ತಾರೆ. ಮೂರನೆಯ ಸಲದಿಂದ ಆ ಮನೆಯವರು ಯುಗಾದಿಗೂ ಬರುವುದಿಲ್ಲ, ರಾಜ್ಯೋತ್ಸವಕ್ಕೂ ಬರುವುದಿಲ್ಲ. ಸಂಘದ ವಿಳಾಸದ ಪಟ್ಟಿಯಲ್ಲಿ ಹೆಸರಿರುತ್ತದೆ, ಅಷ್ಟೆ.

ಸ್ಕಿಜೋಫ್ರೇನಿಯಾ ಎಂಬ ರೋಗ ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆ ಮತ್ತು ಮೂವತ್ತರ ನಡುವೆ, ಎಂದರೆ ಓದು ಮುಗಿಸಿ ಕೆಲಸ ಹಿಡಿಯುವ ವಯಸ್ಸಿಗೆ ಸರಿಯಾಗಿ. ಬೈಪೋಲಾರ್ ರೋಗವೂ ಬಹುಮಟ್ಟಿಗೆ ಹಾಗೆಯೇ. ಡಾಕ್ಟರರ ಮಗ, ಇಂಜಿನಿಯರರ ಮಗಳು ಎಂದು ಅದು ರಿಯಾಯಿತಿ ತೋರಿಸುವುದಿಲ್ಲ. ಔಷಧದಿಂದ ಅನೇಕರಲ್ಲಿ ಭಯ, ಭ್ರಮೆ, ಕಿವಿಯಲ್ಲಿ ಕೇಳುವ ದನಿಗಳು ಕಡಿಮೆಯಾಗುತ್ತವೆ. ಅದಾದ ಮೇಲೆ ಉಳಿಯುವುದು ಖಾಲಿ ದಿನ. ಬೆಳಿಗ್ಗೆ ಏಳಲು ಕಾರಣವಿಲ್ಲದ, ಕೈಯಲ್ಲಿ ಸ್ವಂತ ದುಡ್ಡಿಲ್ಲದ, ಯಾರೂ ತನಗಾಗಿ ಕಾಯದ ದಿನ. ಇಂಥವರಲ್ಲಿ ಬಹುಪಾಲು ಜನ ತಮಗೆ ಕೆಲಸ ಬೇಕೆಂದೇ ಹೇಳುತ್ತಾರೆ. ಅವರನ್ನು ಯಾರೂ ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹಿಂದಿನ ಕಾಲದ ಪದ್ಧತಿ ಹೀಗಿತ್ತು. ರೋಗಿ ಮೊದಲು ಪೂರ್ತಿ ಗುಣವಾಗಬೇಕು; ಆಮೇಲೆ ಹಗಲು ಕೇಂದ್ರದಲ್ಲಿ ಮೇಣದಬತ್ತಿ, ಪೇಪರ್ ಕವರ್, ಬುಟ್ಟಿ ಮಾಡಿ ಪಳಗಬೇಕು; ಆಮೇಲೆ 'ಸಿದ್ಧ'ನಾಗಿದ್ದಾನೆಂದು ಯಾರಾದರೂ ಷರಾ ಬರೆಯಬೇಕು; ಅನಂತರ ಹೊರಗಿನ ಕೆಲಸ. ಷರಾ ಬರೆಯುವ ದಿನ ಬರುವಷ್ಟರಲ್ಲಿ ಕೂದಲು ನರೆತಿರುತ್ತಿತ್ತು. 1990ರ ದಶಕದ ಆರಂಭದಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಎಂಬವರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಮೊದಲು ಕೆಲಸ, ತರಬೇತಿ ಕೆಲಸದ ಜಾಗದಲ್ಲೇ. ಅಲ್ಲಿನ ಒಂದು ಹಗಲು ಕೇಂದ್ರವನ್ನು ಮುಚ್ಚಿ ಅದೇ ಜನರಿಗೆ ಊರಿನ ಅಂಗಡಿ, ಹೋಟೆಲು, ಕಚೇರಿಗಳಲ್ಲಿ ಕೆಲಸ ಹುಡುಕಿಕೊಟ್ಟು ನೋಡಿದರು. ಕೆಲಸ ಮಾಡುವವರ ಸಂಖ್ಯೆ ಏರಿತು. ಎಲ್ಲರೂ ಹೆದರಿದಂತೆ ಆಸ್ಪತ್ರೆಗೆ ಸೇರುವವರ ಸಂಖ್ಯೆ ಏರಲಿಲ್ಲ. ಈ ವಿಧಾನಕ್ಕೆ 'ಇಂಡಿವಿಜುಯಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್', ಚುಟುಕಾಗಿ ಐ.ಪಿ.ಎಸ್., ಎಂದು ಹೆಸರಾಯಿತು. ನಮ್ಮ ಊರುಗಳಲ್ಲಿ ಜೀಪಿನಲ್ಲಿ ಬರುವ ಐ.ಪಿ.ಎಸ್. ಅಲ್ಲ!

ಇದು ಬರೀ ಸದುದ್ದೇಶದ ಮಾತಲ್ಲ, ಲೆಕ್ಕ ಹಾಕಿ ನೋಡಿದ್ದು. ಲಂಡನ್, ಜ್ಯೂರಿಕ್, ಸೋಫಿಯಾ ಸೇರಿದಂತೆ ಯೂರೋಪಿನ ಆರು ಕಡೆ 312 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ ನೂರಕ್ಕೆ 28 ಮಂದಿಗೆ ಕೆಲಸ ಸಿಕ್ಕಿದ್ದರೆ ಹೊಸ ಪದ್ಧತಿಯಲ್ಲಿ 55 ಮಂದಿಗೆ ಸಿಕ್ಕಿತ್ತು. ಆಸ್ಪತ್ರೆಗೆ ಮರಳಿದವರು ಹಳೆಯದರಲ್ಲಿ ನೂರಕ್ಕೆ 31, ಹೊಸದರಲ್ಲಿ 20. ಹೀಗೆ ನೋಡಿದರೂ ಸುಮಾರು ಅರ್ಧದಷ್ಟು ಜನಕ್ಕೆ ಕೆಲಸ ಸಿಗಲಿಲ್ಲ ಎಂಬುದನ್ನೂ ಮರೆಮಾಚಬಾರದು. "ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎಂದು ನಮ್ಮವರು ಹೇಳುವಂತೆ "ಕೆಲಸ ಸಿಕ್ಕರೆ ಎಲ್ಲ ಸರಿಹೋಗುತ್ತದೆ" ಎಂದು ನಾವು ಹೇಳುತ್ತಿಲ್ಲ. ಮದುವೆಯ ವಿಷಯ ಇನ್ನೊಂದು ಭಾಷಣಕ್ಕಾಗುವಷ್ಟಿದೆ, ಇಂದು ಬೇಡ.

ಈ ಸೇವೆಯ ಜೀವಾಳ ಉದ್ಯೋಗ ಸಹಾಯಕ ಅಥವಾ ಸಹಾಯಕಿ ಎಂಬ ಒಬ್ಬ ವ್ಯಕ್ತಿ. ಆಕೆ ಕೂರುವುದು ಡಾಕ್ಟರು, ನರ್ಸು ಇರುವ ಚಿಕಿತ್ಸಾ ತಂಡದ ಜೊತೆಗೇ. ಒಬ್ಬೊಬ್ಬರ ಕೈಕೆಳಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಇರಕೂಡದೆಂದು ಕಟ್ಟಳೆ. ಹುಡುಗನಿಗೆ ಏನಿಷ್ಟ ಎಂದು ಕೇಳುವುದು ಮೊದಲ ಕೆಲಸ. ಗಿಡಗಳೆಂದರೆ ಇಷ್ಟವಿದ್ದವನಿಗೆ ನರ್ಸರಿ, ಜನಜಂಗುಳಿ ಎಂದರೆ ಆಗದವನಿಗೆ ರಾತ್ರಿ ಪಾಳಿ. ಮಾತ್ರೆಯ ಮಂಪರಿನಿಂದ ಬೆಳಿಗ್ಗೆ ಹತ್ತರವರೆಗೆ ಏಳಲಾಗದವನಿಗೆ ಮಧ್ಯಾಹ್ನದ ಕೆಲಸ ನೋಡುತ್ತಾರೆ, ಇಲ್ಲವೇ ಮಾತ್ರೆಯ ಹೊತ್ತು ಬದಲಿಸಲಾದೀತೇ ಎಂದು ಡಾಕ್ಟರನ್ನು ಕೇಳುತ್ತಾರೆ. ರೋಗದ ವಿಷಯ ಮಾಲೀಕರಿಗೆ ಹೇಳಬೇಕೋ ಬೇಡವೋ ಎಂಬುದು ಕೆಲಸ ಮಾಡುವವನ ತೀರ್ಮಾನ, ಬೇರೆಯವರದಲ್ಲ. ಕೆಲಸ ಸಿಕ್ಕ ಮೇಲೆ ಕೈಬಿಡುವುದಿಲ್ಲ. ಇಷ್ಟು ತಿಂಗಳಿಗೆ ಮುಗಿಯಿತು ಎಂಬ ಗಡುವಿಲ್ಲ. ಮತ್ತೆ, ಇವರ ಸಮಯದ ಮೂರರಲ್ಲಿ ಎರಡು ಪಾಲು ಕಚೇರಿಯ ಹೊರಗೆ ಕಳೆಯಬೇಕು, ವಾರಕ್ಕೆ ಕನಿಷ್ಠ ಆರು ಸಲ ಮಾಲೀಕರನ್ನು ಮುಖಾಮುಖಿ ಕಾಣಬೇಕು. ಗುಣಮಟ್ಟ ಅಳೆಯುವ ಪಟ್ಟಿಯಲ್ಲೇ ಹೀಗೆ ಬರೆದಿದೆ.

ಇಂಥ ಸೇವೆಗೆ 2020ರ ಮಾರ್ಚ್ ಹೇಗೆ ಬಂತೆಂದು ಈಗ ಊಹಿಸಿಕೊಳ್ಳಿ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಎಂದು ಸಾರಿತು. ಹೊರಗೆ ಓಡಾಡುವುದೇ ಕೆಲಸವಾಗಿದ್ದವರಿಗೆ ಮನೆಯಲ್ಲಿ ಕೂರಿ ಎಂಬ ಆಜ್ಞೆ. ಕಾಣಬೇಕಾದ ಮಾಲೀಕರ ಅಂಗಡಿಗಳಿಗೆ ಬೀಗ. ಆ ಏಪ್ರಿಲ್ ಒಂದೇ ತಿಂಗಳಲ್ಲಿ ಅಮೆರಿಕದಲ್ಲಿ ಸುಮಾರು 2 ಕೋಟಿ ಉದ್ಯೋಗಗಳು ಹೋದವು. ನಿರುದ್ಯೋಗ ನೂರಕ್ಕೆ 14.7ಕ್ಕೆ ಏರಿತು. ಹೋಟೆಲು, ಉಪಾಹಾರ ಗೃಹ, ಮನರಂಜನೆ ಈ ವಲಯ ಒಂದರಲ್ಲೇ 77 ಲಕ್ಷ ಕೆಲಸಗಳು ಕರಗಿದವು. ಮೊದಲ ಸಲ ಕೆಲಸಕ್ಕೆ ಸೇರುವವರಿಗೆ, ನಡುವೆ ಹತ್ತು ವರ್ಷ ಖಾಲಿ ಇರುವ ಅರ್ಜಿ ಹಿಡಿದು ಬರುವವರಿಗೆ, ತೆರೆದಿರುತ್ತಿದ್ದ ಬಾಗಿಲು ಹೆಚ್ಚಾಗಿ ಅದೇ ವಲಯದ್ದು. ಅನುಭವವುಳ್ಳವರೇ ಲಕ್ಷಗಟ್ಟಲೆ ಬೀದಿಯಲ್ಲಿರುವಾಗ ನಮ್ಮ ಹುಡುಗರನ್ನು ಯಾರು ಕೇಳುತ್ತಾರೆ ಎಂದು ಈ ಕ್ಷೇತ್ರದಲ್ಲಿರುವವರೇ ಕೈಚೆಲ್ಲಿ ಕೂರುವ ಹಾಗಿತ್ತು.

ಆದರೆ ಕೈಚೆಲ್ಲಲಿಲ್ಲ. ಮೊದಲು ಕೈಗೆ ಬಂದದ್ದು ಟೆಲಿಫೋನು. ವಿಡಿಯೋ ಮೂಲಕ ಚಿಕಿತ್ಸೆ ಕೊಡುವುದಕ್ಕಿದ್ದ ಗೋಪ್ಯತೆಯ ಕಟ್ಟುಪಾಡುಗಳನ್ನು ಫೆಡರಲ್ ಸರ್ಕಾರ ಆ ಮಾರ್ಚ್‌ನಲ್ಲೇ ಸಡಿಲಿಸಿತು. ನಮಗೆಲ್ಲ ಜೂಮ್ ಒಂದು ತಿಂಗಳಲ್ಲಿ ರೂಢಿಯಾಯಿತು. ಸಂಘದ ಆನ್‌ಲೈನ್ ಅಂತ್ಯಾಕ್ಷರಿಯಲ್ಲಿ ಯಾರು ಮ್ಯೂಟ್ ಆಗಿದ್ದಾರೆ, ಯಾರು ಆಗಿಲ್ಲ ಎಂಬುದೇ ಅರ್ಧ ಮನರಂಜನೆಯಾಗಿತ್ತು. ಆದರೆ ಸ್ಮಾರ್ಟ್ ಫೋನಿಲ್ಲದ, ಇದ್ದರೂ ತಿಂಗಳ ನಡುವೆಯೇ ನಿಮಿಷಗಳು ಮುಗಿದುಹೋಗುವ ಜನರ ಪಾಡು ಬೇರೆ. ಅವರು ಅರ್ಜಿ ತುಂಬುತ್ತಿದ್ದದ್ದು ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಆ ಗ್ರಂಥಾಲಯಕ್ಕೂ ಬೀಗ ಬಿದ್ದಿತ್ತು. ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಭಯವೇ ರೋಗವಾಗಿರುವವನಿಗೆ ಕ್ಯಾಮೆರಾದ ಮುಂದೆ ಕೂರು ಎನ್ನುವುದೂ ಸುಲಭವಲ್ಲ. ಮಾಸ್ಕ್ ಹಾಕಿದವರ ತುಟಿ ಕಾಣುವುದಿಲ್ಲ. ಕೇಳಿದ ಮಾತು ಎದುರಿಗಿದ್ದವರದೋ ತನ್ನ ತಲೆಯೊಳಗಿನದೋ ಎಂದು ತಿಳಿಯದೆ ತಬ್ಬಿಬ್ಬಾದವರಿದ್ದರು. ಕೆಲವು ಗುಂಪು ಮನೆಗಳಲ್ಲಿ ಹೊರಗೆ ಕೆಲಸಕ್ಕೆ ಹೋದರೆ ಒಳಗೆ ರೋಗ ತರುತ್ತೀರಿ ಎಂದು ಅಲ್ಲಿದ್ದವರನ್ನು ತಡೆದದ್ದೂ ಉಂಟು.

ಆಗ ಉದ್ಯೋಗ ಸಹಾಯಕರು ಉದ್ಯಾನದ ಬೆಂಚಿನ ಎರಡು ತುದಿಯಲ್ಲಿ ಕುಳಿತು, ಪಾರ್ಕಿಂಗ್ ಜಾಗದಲ್ಲಿ ಎರಡು ಕಾರುಗಳ ಕಿಟಕಿ ಇಳಿಸಿಕೊಂಡು ಮಾತನಾಡಿದರು. ಅರ್ಜಿಯನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು ಫೋನಿನಲ್ಲಿ ಒಂದೊಂದು ಸಾಲು ಕೇಳಿ ತುಂಬಿದರು. ವಾರಕ್ಕೊಮ್ಮೆ ಒಂದು ಗಂಟೆಯ ಭೇಟಿ ಹೋಗಿ ವಾರಕ್ಕೆ ನಾಲ್ಕೈದು ಸಲ ಹತ್ತು ನಿಮಿಷದ ಫೋನು ಬಂತು. ಬಸ್ಸು ಹಿಡಿದು ಕ್ಲಿನಿಕ್ಕಿಗೆ ಬರಲಾಗದೆ ಸದಾ ಗೈರುಹಾಜರಾಗುತ್ತಿದ್ದ ಕೆಲವರಿಗೆ ಇದೇ ಹೆಚ್ಚು ಹಿಡಿಸಿತು. ಪೂರ್ತಿ ಫೋನಿಗೇ ಬದಲಾದ ಕಡೆ ಹೊಸಬರು ಸೇರುವುದು ಕಷ್ಟವಾಯಿತು. ಮುಖ ನೋಡದವರನ್ನು ಹೇಗೆ ನಂಬುವುದು? ಮೊದಲೇ ಪರಿಚಯವಿದ್ದವರಲ್ಲಿ ಆ ನಂಟು ಕಟ್ಟಡವಿಲ್ಲದೆಯೂ ನಡೆಯಿತು. ನಮ್ಮ ಅಭಿಪ್ರಾಯದಲ್ಲಿ ಆ ಎರಡು ವರ್ಷಗಳಲ್ಲಿ ಕಂಡ ದೊಡ್ಡ ವಿಷಯ ಇದೇ. ಮನೋರೋಗಿಯನ್ನು ಕೆಲಸದಲ್ಲಿ ನಿಲ್ಲಿಸುವುದು ಕೇಂದ್ರವಲ್ಲ, ತರಗತಿಯಲ್ಲ, ಸರ್ಟಿಫಿಕೇಟಂತೂ ಅಲ್ಲ. ತನ್ನ ಸುದ್ದಿ ವಿಚಾರಿಸುವ, ತನ್ನ ಪರವಾಗಿ ಮ್ಯಾನೇಜರಿಗೆ ಫೋನು ಮಾಡಬಲ್ಲ, ಚಿಕಿತ್ಸೆಯ ವಿಷಯವೂ ಬಲ್ಲ ಒಬ್ಬ ಮನುಷ್ಯ.

ಇನ್ನೊಂದು ಕಡೆ, ಎಲ್ಲ ಬಾಗಿಲೂ ಮುಚ್ಚಿರಲಿಲ್ಲ. ದಿನಸಿ ಅಂಗಡಿ, ಗೋದಾಮು, ಮನೆಮನೆಗೆ ಸಾಮಾನು ತಲುಪಿಸುವ ಕಂಪನಿ, ಆಸ್ಪತ್ರೆಯ ಶುಚಿ ವಿಭಾಗ ಇಲ್ಲೆಲ್ಲ ಜನ ಸಾಲದೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರು. ಈ ಕೆಲಸಗಳಿಗೆ ಆಗ ಹೊಸ ಗೌರವದ ಹೆಸರೂ ಬಂದಿತ್ತು: ಅತ್ಯಗತ್ಯ ಸೇವೆಯವರು.

ಇಲ್ಲಿ ನಮಗೆ ತಿಳಿದ ಒಂದು ಮನೆಯ ಸಂಗತಿ ಹೇಳಬೇಕು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೇಳುತ್ತಿದ್ದೇವೆ. ತಂದೆ ಸಾಫ್ಟ್‌ವೇರಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವರು, ತಾಯಿ ಲೆಕ್ಕಪತ್ರದ ಕೆಲಸದವರು. ಇಪ್ಪತ್ತೇಳರ ಮಗನಿಗೆ ಎಂಟು ವರ್ಷಗಳಿಂದ ಸ್ಕಿಜೋಫ್ರೇನಿಯಾ. 2019ರ ಕೊನೆಯಲ್ಲಿ ಉದ್ಯೋಗ ಸಹಾಯಕಿಯೊಬ್ಬರ ನೆರವಿನಿಂದ ದಿನಸಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ರಾತ್ರಿ ಹತ್ತಕ್ಕೆ ಹೋಗಿ ಬೆಳಗಿನ ಜಾವದವರೆಗೆ ಕಪಾಟುಗಳಿಗೆ ಸಾಮಾನು ಜೋಡಿಸುವುದು, ವಾರಕ್ಕೆ ಮೂರು ರಾತ್ರಿ. ತಂದೆಗೆ ಇದು ಗಂಟಲಲ್ಲಿ ಇಳಿಯದ ತುತ್ತು. ಊರಿನಿಂದ ಅಣ್ಣ ಫೋನು ಮಾಡಿ ಕೇಳಿದರೆ "ರೀಟೇಲ್ ಮ್ಯಾನೇಜ್‌ಮೆಂಟಿನಲ್ಲಿದ್ದಾನೆ" ಎನ್ನುತ್ತಿದ್ದರು.

2020ರ ಏಪ್ರಿಲ್ ಬಂತು. ತಂದೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೇಲೆ ಶರ್ಟು ಕೆಳಗೆ ಲುಂಗಿ ಉಟ್ಟು ಮನೆಯಲ್ಲೇ ಕುಳಿತರು. ತಾಯಿಯೂ ಮನೆಯಲ್ಲೇ. ಮನೆಯಿಂದ ಹೊರಗೆ ಕೆಲಸಕ್ಕೆ ಹೋಗುತ್ತಿದ್ದವನು ಮಗ ಒಬ್ಬನೇ. ದಾರಿಯಲ್ಲಿ ಯಾರಾದರೂ ತಡೆದರೆ ತೋರಿಸಲೆಂದು ಈತ ಅತ್ಯಗತ್ಯ ಸೇವೆಯವನು ಎಂಬ ಪತ್ರವನ್ನು ಅಂಗಡಿಯವರು ಕೊಟ್ಟಿದ್ದರು. ಅದನ್ನು ಆತ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ಬೀದಿಯ ಕನ್ನಡದವರು ಯಾವ ಹೊತ್ತಿಗೆ ಬಂದರೆ ಬೇಳೆ, ಅಕ್ಕಿ, ಟಾಯ್ಲೆಟ್ ಪೇಪರು ಸಿಗುತ್ತದೆ ಎಂದು ಅವನನ್ನೇ ಕೇಳತೊಡಗಿದರು.

ಆದರೆ ತಾಯಿಗೆ ಹೆದರಿಕೆ. ಹೆದರಿಕೆಗೆ ಕಾರಣವೂ ಇತ್ತು, ಅದನ್ನು ನಾವು ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕಿನ ಒಂದು ದೊಡ್ಡ ಆಸ್ಪತ್ರೆ ಸಮೂಹದಲ್ಲಿ ಸೋಂಕು ತಗುಲಿದ 7,348 ಮಂದಿಯ ದಾಖಲೆಗಳನ್ನು ನೋಡಿ 2021ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಕಿಜೋಫ್ರೇನಿಯಾ ಇದ್ದವರು ಕೋವಿಡ್‌ನಿಂದ ಸಾಯುವ ಸಂಭವ ಇತರರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ವಯಸ್ಸೊಂದನ್ನು ಬಿಟ್ಟರೆ ಅಷ್ಟು ದೊಡ್ಡ ಅಪಾಯ ಬೇರೆ ಯಾವ ಕಾಯಿಲೆಯಲ್ಲೂ ಆ ದಾಖಲೆಗಳಲ್ಲಿ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ತೀವ್ರ ಮನೋರೋಗಿಗಳನ್ನು ಲಸಿಕೆಯ ಆದ್ಯತೆಯ ಆರನೆಯ ಗುಂಪಿಗೆ ಮೊದಲೇ ಸೇರಿಸಿದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಪಾಯದ ಪಟ್ಟಿಗೆ ಸ್ಕಿಜೋಫ್ರೇನಿಯಾ ಸೇರಿದ್ದು 2021ರ ಅಕ್ಟೋಬರಿನಲ್ಲಿ. ಲಸಿಕೆ ಬಂದು ಹತ್ತು ತಿಂಗಳಾದ ಮೇಲೆ! ಇದರ ಮೇಲೆ ನಾವು ಟೀಕೆ ಮಾಡುವ ಅಗತ್ಯವಿಲ್ಲ.

ಹಾಗಾದರೆ ಇಂಥವರನ್ನು ಅಂಗಡಿಗೆ ಕಳಿಸುವುದು ಸರಿಯೇ? ಮನೆಯಲ್ಲಿ ಕೂಡಿಹಾಕಿದರೆ ಹಳೆಯ ದನಿಗಳು ಮರಳಿ ಬರುವ ಭಯ. ಹೊರಗೆ ಕಳಿಸಿದರೆ ಸೋಂಕಿನ ಭಯ. ಅತ್ತ ದರಿ, ಇತ್ತ ಪುಲಿ. ಉದ್ಯೋಗ ಸಹಾಯಕಿ ಮಾಡಿದ್ದೇನೆಂದರೆ, ತಂದೆತಾಯಿಯನ್ನು ಒಪ್ಪಿಸುವುದಕ್ಕೆ ಮೊದಲು ಹುಡುಗನನ್ನೇ ಕೇಳಿದ್ದು. ಅಪಾಯವನ್ನು ಮುಚ್ಚಿಡದೆ ಹೇಳಿದರು. ಬಿಡುವುದಾದರೆ ನಿರುದ್ಯೋಗ ಭತ್ಯೆಗೆ ಏನು ದಾರಿ, ಇರುವುದಾದರೆ ಏನೇನು ಎಚ್ಚರಿಕೆ, ಎರಡನ್ನೂ ಮುಂದಿಟ್ಟರು. ಆತ "ಹೋಗುತ್ತೇನೆ, ಆದರೆ ಅಂಗಡಿ ಮುಚ್ಚಿದ ಮೇಲೆ ಮಾತ್ರ" ಎಂದ. ಸಹಾಯಕಿ ಮ್ಯಾನೇಜರಿಗೆ ಫೋನು ಮಾಡಿ, ಗಿರಾಕಿಗಳಿಲ್ಲದ ಹೊತ್ತಿನಲ್ಲೇ ಅವನ ಪಾಳಿ ಬರುವಂತೆ, ಒಂದು ಸಾಲಿನಲ್ಲಿ ಒಬ್ಬನೇ ಇರುವಂತೆ ಮಾಡಿಸಿಕೊಂಡರು. ಪಾಳಿ ಇದ್ದ ರಾತ್ರಿ ಒಂಬತ್ತೂವರೆಗೆ ಅವನಿಗೆ ಐದು ನಿಮಿಷದ ಫೋನು. ಮಾಸ್ಕ್ ಇದೆಯೇ, ಮಾತ್ರೆ ಆಯಿತೇ, ನಿನ್ನೆ ನಿದ್ದೆ ಎಷ್ಟು ಹೊತ್ತು.

ಆ ಶರತ್ಕಾಲದಲ್ಲಿ ಅವನ ರೋಗ ಉಲ್ಬಣಿಸಿತು. ಮೂರು ವಾರ ಆಸ್ಪತ್ರೆಯಲ್ಲಿದ್ದ. ಕುಟುಂಬ ಮತ್ತು ಅನಾರೋಗ್ಯ ರಜೆಯ ಕಾನೂನು ಅವನಿಗೆ ಅನ್ವಯಿಸುತ್ತಿರಲಿಲ್ಲ. ಅದಕ್ಕೆ ಹನ್ನೆರಡು ತಿಂಗಳ ನೌಕರಿ, ಅದರಲ್ಲಿ 1,250 ಗಂಟೆಯ ದುಡಿಮೆ ಆಗಿರಬೇಕು. ಆದರೆ 1990ರ ಅಂಗವಿಕಲರ ಕಾಯಿದೆ, ಇಲ್ಲಿನವರು ಎ.ಡಿ.ಎ. ಎನ್ನುವುದು, ಮನೋರೋಗಕ್ಕೂ ಅನ್ವಯಿಸುತ್ತದೆ. ಹದಿನೈದು ಅಥವಾ ಹೆಚ್ಚು ನೌಕರರಿರುವ ಮಾಲೀಕರು ಅದರಡಿ ಸೂಕ್ತ ಅನುಕೂಲ ಮಾಡಿಕೊಡಬೇಕು, ಸಂಬಳವಿಲ್ಲದ ರಜೆಯೂ ಅಂಥದೊಂದು ಅನುಕೂಲವಾಗಬಹುದು. ಹುಡುಗ ಒಪ್ಪಿದ ಮೇಲೆ, ಅವನು ಒಪ್ಪಿದಷ್ಟನ್ನು ಮಾತ್ರ, ಸಹಾಯಕಿ ಅಂಗಡಿಗೆ ತಿಳಿಸಿದರು. ಕೆಲಸ ಉಳಿಯಿತು. ವಾರಕ್ಕೆ ಎರಡು ರಾತ್ರಿಯಿಂದ ಮತ್ತೆ ಶುರು ಮಾಡಿದ. ತಂದೆ ಈಗ ಅಣ್ಣನಿಗೆ "ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ" ಎಂದೇ ಹೇಳುತ್ತಾರಂತೆ.

ಎಲ್ಲರ ಕಥೆ ಹೀಗಾಗಲಿಲ್ಲ. ಹೋಟೆಲಿನ ಉಪಾಹಾರ ವಿಭಾಗದಲ್ಲಿ ಎರಡು ವರ್ಷ ದುಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಮಾರ್ಚ್‌ನಲ್ಲೇ ಕೆಲಸ ಹೋಯಿತು. ಹೋಟೆಲು ಮತ್ತೆ ತೆರೆದಾಗ ಉಪಾಹಾರ ವಿಭಾಗವೇ ಇರಲಿಲ್ಲ. ಆಕೆ ಮತ್ತೆ ಅರ್ಜಿ ಹಾಕಲು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಆಗ 'ಫರ್ಲೋ' ಎಂಬ ಯೋಜನೆ ಇತ್ತು. ಕೆಲಸವಿಲ್ಲದೆ ಮನೆಯಲ್ಲಿದ್ದರೂ ನೌಕರಿ ಹೋಗದಂತೆ ಸಂಬಳದ ನೂರಕ್ಕೆ 80ರಷ್ಟನ್ನು, ತಿಂಗಳಿಗೆ 2,500 ಪೌಂಡಿನ ಮಿತಿಯಲ್ಲಿ, ಮೊದಲಿಗೆ ಸರ್ಕಾರವೇ ಭರಿಸಿತು, ಯೋಜನೆ 2021ರ ಸೆಪ್ಟೆಂಬರ್ ಕೊನೆಯವರೆಗೆ ನಡೆಯಿತು. ಇಲ್ಲಿ ಹೆಚ್ಚಾಗಿ ನೌಕರಿ ಹೋಗಿ ಭತ್ಯೆ ಬಂತು. ಕಷ್ಟಪಟ್ಟು ಕಟ್ಟಿಕೊಂಡ ನಂಟು ಒಮ್ಮೆ ಕಡಿದರೆ ಮತ್ತೆ ಗಂಟು ಹಾಕುವುದು ಮನೋರೋಗವಿರುವವರಿಗೆ ಎಷ್ಟು ಕಷ್ಟ ಎಂಬುದನ್ನು ನೋಡಿದಾಗ ಅವರ ದಾರಿಯೇ ಒಳ್ಳೆಯದಿತ್ತೆಂದು ನಮಗೆ ಅನ್ನಿಸುತ್ತದೆ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ಊಟದ ಸಾಲಿನಲ್ಲಿ ಜಗಳವಾಡೋಣ.

ಈಗ ದುಡ್ಡಿನ ವಿಷಯ. ತಂದೆತಾಯಿಯರು ಮಗನನ್ನು ಕೆಲಸಕ್ಕೆ ಕಳಿಸಲು ಹಿಂಜರಿಯುವುದಕ್ಕೆ ಮರ್ಯಾದೆಯಷ್ಟೇ ದೊಡ್ಡ ಕಾರಣ ಇದು: "ನಾಲ್ಕು ಕಾಸು ದುಡಿದರೆ ಸರ್ಕಾರದ ಹಣವೂ ಹೋಗುತ್ತದೆ, ಮೆಡಿಕೇಡೂ ಹೋಗುತ್ತದೆ." ಪೂರ್ತಿ ಸುಳ್ಳಲ್ಲ, ಆದರೆ ಲೆಕ್ಕ ನೋಡಿ. 2020ರಲ್ಲಿ ಎಸ್.ಎಸ್.ಐ. ಎಂಬ ಫೆಡರಲ್ ನೆರವಿನ ಪೂರ್ತಿ ಮೊತ್ತ ಒಬ್ಬರಿಗೆ ತಿಂಗಳಿಗೆ 783 ಡಾಲರ್. ಬೇರೆ ವರಮಾನವಿಲ್ಲದ ಒಬ್ಬರು ತಿಂಗಳಿಗೆ 585 ಡಾಲರ್ ದುಡಿದರೆಂದು ಇಟ್ಟುಕೊಳ್ಳಿ. ಅದರಲ್ಲಿ 85 ಡಾಲರ್ ಲೆಕ್ಕಕ್ಕಿಲ್ಲ. ಉಳಿದ 500ರಲ್ಲಿ ಅರ್ಧ, ಎಂದರೆ 250, ಮಾತ್ರ ನೆರವಿನಿಂದ ಕಳೆಯುತ್ತಾರೆ. ನೆರವು 533, ದುಡಿಮೆ 585, ಒಟ್ಟು 1,118 ಡಾಲರ್. ಸುಮ್ಮನೆ ಕುಳಿತಿದ್ದರೆ 783. ನೆರವಿನ ನಗದು ಪೂರ್ತಿ ನಿಂತರೂ ಒಂದು ಮಿತಿಯವರೆಗೆ ಮೆಡಿಕೇಡ್ ಮುಂದುವರಿಯುವ ನಿಯಮವಿದೆ. ಎಸ್.ಎಸ್.ಡಿ.ಐ. ಪಡೆಯುವವರಿಗೆ ಲೆಕ್ಕ ಬೇರೆ. ಅಲ್ಲಿ ಐದು ವರ್ಷದ ಅವಧಿಯೊಳಗೆ ಒಂಬತ್ತು ತಿಂಗಳು ಎಷ್ಟು ದುಡಿದರೂ ಹಣ ನಿಲ್ಲದ ಪರೀಕ್ಷಾ ಕಾಲ ಕೊಡುತ್ತಾರೆ. ಮೊತ್ತಗಳು ವರ್ಷ ವರ್ಷ ಬದಲಾಗುತ್ತವೆ. ವೀಸಾದ ಮೇಲಿರುವವರಿಗೆ ಇವುಗಳಲ್ಲಿ ಬಹುತೇಕ ಸಿಗುವುದಿಲ್ಲ. ಆದ್ದರಿಂದಲೇ ಈ ಸೇವೆಯಲ್ಲಿ ಲೆಕ್ಕ ಬಲ್ಲವರಿಂದ ಸಲಹೆ ಕೊಡಿಸುವುದು ಮೊದಲಿನಿಂದಲೂ ಒಂದು ಮುಖ್ಯ ಭಾಗ. ಹಿರಿಯರಿಗೆ ಇನ್ನೊಂದು ಮಾತು: ಅಶಕ್ತತೆ 22 ವರ್ಷ ತುಂಬುವ ಮೊದಲೇ ಶುರುವಾದ, ಮದುವೆಯಾಗದ ಮಕ್ಕಳಿಗೆ, ತಂದೆ ಅಥವಾ ತಾಯಿ ಸೋಷಿಯಲ್ ಸೆಕ್ಯೂರಿಟಿಯ ನಿವೃತ್ತಿ ವೇತನ ಪಡೆಯತೊಡಗಿದಾಗ ಅವರ ಖಾತೆಯ ಮೇಲೆ ಭತ್ಯೆ ಸಿಗುವ ಅವಕಾಶವಿದೆ. ರೋಗ ಶುರುವಾದ ದಿನಗಳ ವೈದ್ಯಕೀಯ ದಾಖಲೆ ಬೇಕಾಗುತ್ತದೆ. ನಾಚಿಕೆಯಿಂದ ಡಾಕ್ಟರ ಬಳಿಗೇ ಹೋಗದೆ ಮೂರು ವರ್ಷ ಮುಚ್ಚಿಟ್ಟ ಮನೆಗಳಲ್ಲಿ ಆ ಕಾಗದ ಎಲ್ಲಿಂದ ಬರಬೇಕು?

"ಇಷ್ಟೆಲ್ಲ ಯಾಕೆ, ಊರಿಗೆ ಕಳಿಸಿಬಿಡೋಣ, ಅಲ್ಲಿ ಅಜ್ಜಿ ಇದ್ದಾರೆ, ತೋಟ ಇದೆ" ಎನ್ನುವವರಿದ್ದಾರೆ. ಊರಿನ ಬದುಕಿನಲ್ಲಿ ಒಂದು ಅನುಕೂಲವಿತ್ತು, ಒಪ್ಪುತ್ತೇವೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಮನೆಯವರೆಲ್ಲ ಮೆಟ್ಟುಗತ್ತಿಯ ಮುಂದೆ ಕೂರುವಾಗ, ಸ್ವಲ್ಪ 'ತಲೆ ಸರಿಯಿಲ್ಲದ' ಚಿಕ್ಕಪ್ಪನೂ ಒಂದು ಮೂಲೆಯಲ್ಲಿ ಕೂತು ಸುಲಿಯುತ್ತಿದ್ದ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಅದೇ ಊರಿನಲ್ಲಿ ಇನ್ನೊಬ್ಬನನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದೂ ನಮಗೆ ಗೊತ್ತು. ಇಂದು ತೋಟಕ್ಕೆ ಆಳು ಸಿಗದೆ, ಅಜ್ಜಿ ಬೆಂಗಳೂರಿನ ಫ್ಲಾಟಿನಲ್ಲಿ ಒಬ್ಬರೇ ಇರುವಾಗ, ಇಲ್ಲಿ ಹುಟ್ಟಿ ಬೆಳೆದ, ಕನ್ನಡ ಅರ್ಧಂಬರ್ಧ ಬರುವ ಹುಡುಗನನ್ನು ಅಲ್ಲಿಗೆ ಕಳಿಸಿ ಯಾರಿಗೆ ಪ್ರಯೋಜನ?

ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ನಡೆದಿಲ್ಲವೆಂದಲ್ಲ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿಯ ಬ್ರೆಡ್ಡು ತಿಂದವರು ಇಲ್ಲಿಯೂ ಇರಬಹುದು. ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್ 1960ರ ದಶಕದಿಂದ, ರಿಚ್ಮಂಡ್ ಫೆಲೋಷಿಪ್ ಸೊಸೈಟಿ 1980ರ ದಶಕದಿಂದ ಅಲ್ಲಿ ದುಡಿಯುತ್ತಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸರ್ಕಾರಿ ಹುದ್ದೆಗಳ ನೂರಕ್ಕೆ 4 ಮೀಸಲು. ಅದರಲ್ಲಿ ನೂರಕ್ಕೆ 1ನ್ನು ಮನೋರೋಗ, ಆಟಿಸಂ, ಬುದ್ಧಿಮಾಂದ್ಯ ಮುಂತಾದವರು ಹಂಚಿಕೊಳ್ಳಬೇಕು. ಆದರೂ ಅಲ್ಲಿ ಬಹುಮಟ್ಟಿಗೆ ಕಲಿಸಿ ಆಮೇಲೆ ಕೆಲಸ ಎಂಬ ಕ್ರಮವೇ ಇದೆ. ಮಾರ್ಚ್ 25ರಿಂದ ಇಡೀ ದೇಶ ಮುಚ್ಚಿದಾಗ ಕೇಂದ್ರಕ್ಕೆ ಬಂದು ಹೋಗಿ ಮಾಡುತ್ತಿದ್ದವರ ದಿನಚರಿ ಕೇಂದ್ರದ ಬಾಗಿಲಿನೊಂದಿಗೇ ಮುಚ್ಚಿಹೋಗುವ ಪರಿಸ್ಥಿತಿ ಬಂತು. ಅಲ್ಲಿಯ ಮನೆಗಳೇ ಆಗ ಅವರನ್ನು ನೋಡಿಕೊಂಡವು.

ಕೊನೆಗೆ ಕೆಲವು ವ್ಯವಹಾರದ ಮಾತುಗಳು. ನಮ್ಮ ಸದಸ್ಯರಲ್ಲಿ ಹೋಟೆಲು, ದಿನಸಿ ಅಂಗಡಿ, ಪೆಟ್ರೋಲ್ ಬಂಕು, ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರು ಹಲವರಿದ್ದೀರಿ. ನಿಮ್ಮ ಬಳಿಗೆ ಉದ್ಯೋಗ ಸಹಾಯಕರು ಬಂದರೆ ಹತ್ತು ನಿಮಿಷ ಕೂರಿಸಿ ಮಾತನಾಡಿ. ಅವರು ದಾನ ಕೇಳುವುದಿಲ್ಲ. ನಿಮಗೆ ಯಾವ ಹೊತ್ತಿನಲ್ಲಿ ಎಂಥ ಕೈ ಬೇಕು ಎಂದು ಕೇಳುತ್ತಾರೆ. ಕೆಲಸದ ಜಾಗದಲ್ಲಿ ಏನು ಅನುಕೂಲ ಮಾಡಬಹುದೆಂದು ತಿಳಿಯದಿದ್ದರೆ ಕಾರ್ಮಿಕ ಇಲಾಖೆಯ ನೆರವಿನ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಎಂಬಲ್ಲಿ ಬಿಟ್ಟಿಯಾಗಿ ಹೇಳುತ್ತಾರೆ.

ಮನೆಯಲ್ಲಿ ಯಾರಿಗಾದರೂ ಈ ಸೇವೆ ಬೇಕಿದ್ದರೆ ಎರಡು ಬಾಗಿಲುಗಳಿವೆ. ಒಂದು, ಚಿಕಿತ್ಸೆ ಕೊಡುತ್ತಿರುವ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ, "ಇಲ್ಲಿ ಐ.ಪಿ.ಎಸ್. ಇದೆಯೇ?" ಎಂದು ಅದೇ ಹೆಸರು ಹಿಡಿದು ಕೇಳಿ. ಇನ್ನೊಂದು, ರಾಜ್ಯದ ವೊಕೇಶನಲ್ ರಿಹ್ಯಾಬಿಲಿಟೇಶನ್ ಕಚೇರಿ. ಎಲ್ಲ ಊರುಗಳಲ್ಲೂ ಇಲ್ಲ, ಇರುವಲ್ಲಿ ಕಾಯಬೇಕಾಗಬಹುದು. ಹೆಸರು ಬರೆಸಿ ಬನ್ನಿ. ರೋಗ ಈಗಷ್ಟೇ ಶುರುವಾಗಿರುವ ಎಳೆಯರಿಗೆ ಓದು ಮತ್ತು ಕೆಲಸ ಎರಡಕ್ಕೂ ನೆರವಾಗುವ ಪ್ರತ್ಯೇಕ ಕಾರ್ಯಕ್ರಮಗಳು ಈಗ ಅನೇಕ ರಾಜ್ಯಗಳಲ್ಲಿವೆ. ತುರ್ತು ಸಂದರ್ಭದಲ್ಲಿ 988ಕ್ಕೆ ಫೋನು ಮಾಡಬಹುದು, 2022ರ ಜುಲೈಯಿಂದ ಅದು ದೇಶದಾದ್ಯಂತ ಇದೆ.

ಅರ್ಜಿ ತುಂಬಲು, ಕಚೇರಿಗೆ ಜೊತೆಗೆ ಬರಲು ನಮ್ಮ ಸಮಿತಿಯ ಮೂವರು ಒಪ್ಪಿದ್ದಾರೆ. ಸಭಾಂಗಣದ ಎಡಬದಿಯಲ್ಲಿ ಪುಸ್ತಕದ ಮೇಜಿನ ಪಕ್ಕ ಊಟ ಮುಗಿಯುವವರೆಗೂ ಇರುತ್ತೇವೆ. ಎಲ್ಲರೆದುರು ಬರಲು ಸಂಕೋಚವಿದ್ದರೆ ಪುಸ್ತಕ ನೋಡುವ ನೆಪದಲ್ಲಿ ಬನ್ನಿ. ಮುಂದಿನ ಭಾನುವಾರ ನಾವೇ ನಿಮ್ಮ ಮನೆಗೆ ಬರುತ್ತೇವೆ.